ರಸ್ತೆ ಒಂದು, ಒಡೆಯರು ಹಲವರು

ಧಾರವಾಡದ ಸಪ್ತಾಪುರದಲ್ಲಿ ಬೆಳಗಿನ ಎಂಟು ಗಂಟೆಗೆ ನಿಂತು ನೋಡಿದವರಿಗೆ ಆ ಬಡಾವಣೆಯ ಬದುಕು ಯಾವುದರ ಮೇಲೆ ನಡೆಯುತ್ತಿದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೆನ್ನಿಗೆ ಚೀಲ, ಕೈಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದ ತರುಣ ತರುಣಿಯರು ತರಬೇತಿ ಕೇಂದ್ರಗಳತ್ತ, ವಾಚನಾಲಯಗಳತ್ತ ಧಾವಿಸುತ್ತಿರುತ್ತಾರೆ. ಪೊಲೀಸ್ ಇಲಾಖೆ, ಕೆಎಎಸ್, ಶಿಕ್ಷಕರ ನೇಮಕಾತಿ, ಬ್ಯಾಂಕು, ರೈಲ್ವೆ ಹೀಗೆ ಒಬ್ಬೊಬ್ಬರದು ಒಂದೊಂದು ಕನಸು. ಕಲಬುರಗಿ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಗಳಿಂದ ಬಂದವರು ಕೋಣೆ ಹಿಡಿದು ಇಲ್ಲೇ ಉಳಿಯುತ್ತಾರೆ. ಕೋಣೆಯ ಬಾಡಿಗೆ ಭರಿಸಲಾಗದ ಮನೆಯವರು, ಮಗಳನ್ನು ಪರಸ್ಥಳದಲ್ಲಿ ಇರಿಸಲು ಮನಸ್ಸೊಪ್ಪದ ತಂದೆತಾಯಂದಿರು ಆಕೆಯನ್ನು ಪ್ರತಿನಿತ್ಯ ಹುಬ್ಬಳ್ಳಿಯಿಂದಲೋ ಸುತ್ತಲಿನ ಹಳ್ಳಿಗಳಿಂದಲೋ ಕಳುಹಿಸಿಕೊಡುತ್ತಾರೆ. ಆಕೆಯ ವಿದ್ಯಾಭ್ಯಾಸವು ಪುಸ್ತಕವನ್ನು ಎಷ್ಟು ಅವಲಂಬಿಸಿದೆಯೋ ಬಸ್ಸನ್ನೂ ಅಷ್ಟೇ ಅವಲಂಬಿಸಿದೆ.

ಹಳೇ ಹುಬ್ಬಳ್ಳಿಯ ಅಂತಹ ಒಬ್ಬ ವಿದ್ಯಾರ್ಥಿನಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮನೆಯಿಂದ ಹೊರಟು ಗಲ್ಲಿ ದಾಟಿ ನಗರ ಸಾರಿಗೆಯ ಬಸ್ಸನ್ನೋ ಆಟೋವನ್ನೋ ಹಿಡಿದು ಆಕೆ ಚಿಗರಿ ಬಸ್ಸು ಸಿಗುವಲ್ಲಿಗೆ ಬರಬೇಕು. ಅಲ್ಲಿಂದ ಧಾರವಾಡದ ಜ್ಯುಬಿಲಿ ವೃತ್ತದವರೆಗೆ ಒಂದು ಪ್ರಯಾಣ. ಆ ವೃತ್ತದಿಂದ ಸಪ್ತಾಪುರಕ್ಕೆ ಮತ್ತೊಂದು ಬಸ್ಸು, ಅದು ತಡವಾದರೆ ಆಟೋ, ಆಟೋಗೆ ಕಾಸಿಲ್ಲದಿದ್ದರೆ ಕಾಲ್ನಡಿಗೆ. ಸಂಜೆ ಇದೇ ಸರಪಳಿ ಹಿಂದುಮುಂದಾಗಿ. ನಾಲ್ಕಾರು ಕೊಂಡಿಗಳಲ್ಲಿ ಒಂದು ಕಳಚಿದರೂ ಆಕೆ ತರಗತಿ ತಪ್ಪಿಸಿಕೊಳ್ಳುತ್ತಾಳೆ, ಇಲ್ಲವೇ ಕತ್ತಲಾದ ಮೇಲೆ ಮನೆ ಸೇರುತ್ತಾಳೆ. ಹಾಗೆ ಹತ್ತು ದಿನ ನಡೆದರೆ ಹನ್ನೊಂದನೆಯ ದಿನ ಮನೆಯಲ್ಲಿ, ‘ಸಾಕು ಬಿಡಮ್ಮಾ, ಓದಿದ್ದು ಸಾಕು’ ಎಂಬ ಮಾತು ಕೇಳಿಬರುತ್ತದೆ. ಆ ಮಾತಿಗೆ ತಂದೆಯನ್ನು ದೂರುವುದು ಸುಲಭ. ಆದರೆ ಆ ಮಾತು ಹುಟ್ಟಿದ್ದು ಬಸ್ ನಿಲ್ದಾಣದಲ್ಲಿ ಎಂಬುದನ್ನು ನಾವು ಗಮನಿಸುವುದಿಲ್ಲ.

ಈ ವಿದ್ಯಾರ್ಥಿನಿಯ ಮನೆಬಾಗಿಲಿನಿಂದ ತರಗತಿಯ ಬಾಗಿಲಿನವರೆಗಿನ ಪ್ರಯಾಣಕ್ಕೆ ಹೊಣೆಗಾರರು ಯಾರು? ಇದುವೇ ನಮ್ಮ ಇಂದಿನ ಪ್ರಶ್ನೆ. ಹುಬ್ಬಳ್ಳಿ-ಧಾರವಾಡದ ಸಾರಿಗೆಯ ಭವಿಷ್ಯದ ಬಗ್ಗೆ ಎಷ್ಟೋ ಚರ್ಚೆಗಳು ನಡೆಯುತ್ತಿವೆ. ಚಿಗರಿ ಬೇಕೇ ಬೇಡವೇ, ಅದರ ಪ್ರತ್ಯೇಕ ಪಥವನ್ನು ಎಲ್ಲ ವಾಹನಗಳಿಗೆ ತೆರೆಯಬೇಕೇ, ಅದರ ಬದಲು ಹೊಸ ವಿದ್ಯುತ್ ವಾಹನ ತರಬೇಕೇ ಎಂದು ನಾಯಕರು ವಾದಿಸುತ್ತಿದ್ದಾರೆ. ಹೊಣೆಯ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುತ್ತಿಲ್ಲ.

ಚಿಗರಿಯ ಬಗ್ಗೆ ನ್ಯಾಯವಾಗಿ ಮಾತನಾಡಬೇಕು. ಅವಳಿ ನಗರಗಳ ನಡುವೆ ತ್ವರಿತ ಬಸ್ ಸಾರಿಗೆ ಕಲ್ಪಿಸುವುದಕ್ಕಾಗಿ 2012ರಲ್ಲಿ ಒಂದು ಪ್ರತ್ಯೇಕ ಕಂಪನಿಯನ್ನು ಸ್ಥಾಪಿಸಲಾಯಿತು. ವಿಶ್ವಬ್ಯಾಂಕಿನ ನೆರವೂ ದೊರೆಯಿತು. ಸುಮಾರು 22 ಕಿಲೋಮೀಟರ್ ಉದ್ದದ ಮಾರ್ಗದ ನಡುವೆ ಬಸ್ಸುಗಳಿಗೆಂದೇ ಮೀಸಲಾದ ಪಥ, ಮೂವತ್ತಕ್ಕೂ ಹೆಚ್ಚು ನಿಲ್ದಾಣಗಳು, ನೂರು ಹವಾನಿಯಂತ್ರಿತ ಬಸ್ಸುಗಳು ಸಿದ್ಧವಾದವು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕ ಸಂಚಾರ ಆರಂಭವಾಯಿತು. 2020ರ ಫೆಬ್ರವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಎರಡು ತಿಂಗಳು ಕಳೆಯುವ ಮೊದಲೇ ಕೊರೋನಾ ಲಾಕ್‌ಡೌನ್ ಬಂದು ಬಸ್ಸುಗಳೆಲ್ಲ ನಿಂತವು. ಇಷ್ಟಾದರೂ ಉತ್ತರ ಕರ್ನಾಟಕದ ಜನ ಜಿಂಕೆಗೆ ಇಟ್ಟ ಹೆಸರನ್ನೇ ಹೊತ್ತ ಈ ಬಸ್ಸು ವೇಗದಲ್ಲಿ ಜನರ ವಿಶ್ವಾಸ ಗಳಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ಹಿಂದೆ ಎರಡು ಊರುಗಳ ನಡುವೆ ಕಿಕ್ಕಿರಿದ ಬಸ್ಸುಗಳಲ್ಲಿ ಜೋತುಬಿದ್ದು ಹೋದವರಿಗೆ ಅದರ ಬೆಲೆ ಗೊತ್ತು.

ಆದರೆ ಚಿಗರಿ ಓಡುವುದು ಒಂದು ಗೆರೆಯ ಮೇಲೆ. ಜನರು ವಾಸಿಸುವುದು ಗೆರೆಯ ಮೇಲಲ್ಲ. ಸಪ್ತಾಪುರ ಆ ಗೆರೆಯಿಂದ ಪಕ್ಕಕ್ಕಿದೆ. ಹಳೇ ಹುಬ್ಬಳ್ಳಿಯೂ ಪಕ್ಕಕ್ಕಿದೆ. ಧಾರವಾಡದ ಹೊರವಲಯದಲ್ಲಿರುವ ಹೈಕೋರ್ಟ್ ಪೀಠಕ್ಕೆ ಹೋಗಬೇಕಾದ ಕಕ್ಷಿಗಾರನಿಗೂ, ಚಿಕ್ಕಮಲ್ಲಿಗವಾಡದ ಐಐಟಿಯಲ್ಲಿ ಕೆಲಸಕ್ಕೆ ಹೋಗುವ ಸಿಬ್ಬಂದಿಗೂ ಚಿಗರಿ ಅರ್ಧ ದಾರಿಯ ಸಂಗಾತಿ ಮಾತ್ರ. ಹರಿಯುವ ಹೊಳೆಯನ್ನು ಚೆನ್ನಾಗಿ ಕಟ್ಟಿ ಹೊಲಕ್ಕೆ ಕಾಲುವೆ ತೋಡದೆ ಬಿಟ್ಟಂತೆ ಆಗಿದೆ ಇದರ ಸ್ಥಿತಿ.

ಕಾಲುವೆ ತೋಡುವವರು ಯಾರು? ಇಲ್ಲಿಯೇ ಗೊಂದಲ. ಚಿಗರಿಯ ಪಥ ಮತ್ತು ನಿಲ್ದಾಣಗಳು ಬಿಆರ್‌ಟಿಎಸ್ ಕಂಪನಿಗೆ ಸೇರಿವೆ. ಬಸ್ಸುಗಳನ್ನು ಓಡಿಸುವುದು 1997ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯಲ್ಲಿಯೇ ಕೇಂದ್ರ ಕಚೇರಿ ಹೊಂದಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಒಳರಸ್ತೆ, ಪಾದಚಾರಿ ಮಾರ್ಗ, ಚರಂಡಿ, ಬೀದಿದೀಪಗಳು ಪಾಲಿಕೆಯ ಹೊಣೆ. ಹೊಸ ಬಡಾವಣೆಗಳಿಗೆ ಅನುಮತಿ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ಆಟೋ ಮತ್ತು ಖಾಸಗಿ ಬಸ್ಸುಗಳ ಪರವಾನಗಿ ಸಾರಿಗೆ ಇಲಾಖೆಯ ಅಧಿಕಾರ. ವೃತ್ತಗಳಲ್ಲಿ ದಟ್ಟಣೆ ಬಿಡಿಸುವುದು ಸಂಚಾರ ಪೊಲೀಸರ ಕೆಲಸ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಮೇಲ್ಸೇತುವೆ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕಾಮಗಾರಿ. ರೈಲು ಬೇಕಾದರೆ ನೈಋತ್ಯ ರೈಲ್ವೆಯನ್ನು ಕೇಳಬೇಕು. ಅದರ ಕೇಂದ್ರ ಕಚೇರಿಯೂ ಹುಬ್ಬಳ್ಳಿಯಲ್ಲೇ ಇದೆ. ಎರಡು ದೊಡ್ಡ ಸಾರಿಗೆ ಸಂಸ್ಥೆಗಳ ಕೇಂದ್ರ ಸ್ಥಾನವಾದ ಊರಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಪೂರ್ಣ ಪ್ರಯಾಣವನ್ನು ಲೆಕ್ಕ ಹಾಕುವ ಒಂದು ಮೇಜು ಇಲ್ಲವೆಂಬುದು ವಿಪರ್ಯಾಸ. ಬಿಆರ್‌ಟಿಎಸ್ ಕಂಪನಿಯಲ್ಲಿ ಸರ್ಕಾರ, ಸಾರಿಗೆ ಸಂಸ್ಥೆ, ಪಾಲಿಕೆ, ಪ್ರಾಧಿಕಾರ ಎಲ್ಲವೂ ಪಾಲುದಾರರೇ. ಆದರೆ ಕಂಪನಿಯ ದೃಷ್ಟಿ ತನ್ನ ಮಾರ್ಗದ ಅಂಚಿಗೆ ಬಂದು ನಿಲ್ಲುತ್ತದೆ.

ಹಲವರು ಒಡೆಯರಾದಾಗ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಧಾರವಾಡದ ಟೋಲ್ ನಾಕಾ ಬಳಿ ಮಳೆ ಬಂದರೆ ರಸ್ತೆ ಕೆರೆಯಾಗುವ ದೃಶ್ಯವನ್ನು ಓದುಗರು ಪತ್ರಿಕೆಗಳಲ್ಲಿ ಎಷ್ಟೋ ಸಲ ನೋಡಿದ್ದಾರೆ. ಪಥ ಕಟ್ಟಿದವರು ಒಬ್ಬರು, ಚರಂಡಿ ನೋಡಿಕೊಳ್ಳುವವರು ಮತ್ತೊಬ್ಬರು, ನೀರಿನಲ್ಲಿ ಇಳಿಯುವವನು ಮಾತ್ರ ಪ್ರಯಾಣಿಕ. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ಮೇಲ್ಸೇತುವೆ ಕಾಮಗಾರಿ ಸ್ಥಳದಿಂದ ಬಿದ್ದ ಕಬ್ಬಿಣದ ಸರಳು ತಗುಲಿ ಕೆಳಗೆ ಹೋಗುತ್ತಿದ್ದ ಪೊಲೀಸ್ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ಕಾಮಗಾರಿ ಒಂದು ಕಡೆ, ಸಂಚಾರ ಮತ್ತೊಂದು ಕಡೆ, ಎರಡರ ನಡುವೆ ಮನುಷ್ಯ ಜೀವ. ಯೋಜನೆ ಎಂಬುದು ಸಿಮೆಂಟು ಕಬ್ಬಿಣಗಳ ಲೆಕ್ಕವಷ್ಟೇ ಆದಾಗ ಹೀಗಾಗುತ್ತದೆ.

ದರದ ವಿಷಯದಲ್ಲಿಯೂ ಇದೇ ಕಥೆ. 2023ರ ಜೂನ್ 11ರಂದು ರಾಜ್ಯ ಸರ್ಕಾರ ಶಕ್ತಿ ಯೋಜನೆಯನ್ನು ಜಾರಿಗೊಳಿಸಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕಲ್ಪಿಸಿತು. ಬಡ ಮತ್ತು ಮಧ್ಯಮ ವರ್ಗದ ಮನೆಗಳ ಹೆಣ್ಣುಮಕ್ಕಳಿಗೆ ಇದರಿಂದಾದ ಉಪಕಾರವನ್ನು ಅಲ್ಲಗಳೆಯುವವರು ಒಮ್ಮೆ ಬೆಳಗಿನ ಬಸ್ಸು ಹತ್ತಿ ನೋಡಬೇಕು. ಆದರೆ ಹವಾನಿಯಂತ್ರಿತ ಬಸ್ಸುಗಳು ಯೋಜನೆಯ ಹೊರಗುಳಿದವು. ಚಿಗರಿಯೂ ಅದೇ ಸಾಲಿಗೆ ಸೇರಿತು. ಪರಿಣಾಮ ನೋಡಿ. ಸಾರ್ವಜನಿಕರ ಹಣದಿಂದ ಕಟ್ಟಿದ ಪ್ರತ್ಯೇಕ ಪಥದಲ್ಲಿ ವೇಗವಾಗಿ ಹೋಗುವ ಬಸ್ಸಿಗೆ ಹೆಣ್ಣುಮಗಳು ಟಿಕೆಟ್ ಕೊಳ್ಳಬೇಕು. ಟಿಕೆಟ್ ಬೇಡದ ಬಸ್ಸು ಪಕ್ಕದ ರಸ್ತೆಯಲ್ಲಿ ಲಾರಿ, ಕಾರು, ಬೈಕುಗಳ ನಡುವೆ ನುಸುಳಿಕೊಂಡು ಬರಬೇಕು. ಸಮಯ ಉಳಿಸಲೋ ಹಣ ಉಳಿಸಲೋ ಎಂದು ಆಕೆ ದಿನವೂ ಲೆಕ್ಕ ಹಾಕಬೇಕಾಗಿದೆ. ಒಂದು ನೀತಿ ಮಹಿಳೆಯನ್ನು ಬಸ್ಸಿಗೆ ಕರೆಯುತ್ತದೆ, ಇನ್ನೊಂದು ನೀತಿ ಆಕೆಯನ್ನು ಅತ್ಯುತ್ತಮ ಬಸ್ಸಿನಿಂದ ದೂರವಿಡುತ್ತದೆ. ಎರಡೂ ಒಂದೇ ಸರ್ಕಾರದ ನೀತಿಗಳು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕಣ್ಣು ಮಾತ್ರ ಇಲ್ಲ.

ಚಿಗರಿಯ ಪಥವನ್ನು ಎಲ್ಲರಿಗೂ ತೆರೆಯಿರಿ ಎಂಬ ಕೂಗಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಪಕ್ಕದ ರಸ್ತೆಯಲ್ಲಿ ವಾಹನಗಳು ಉಸಿರುಗಟ್ಟಿ ನಿಂತಿರುವಾಗ ನಡುವಿನ ಪಥ ಖಾಲಿ ಕಾಣುತ್ತದೆ, ಸಿಟ್ಟು ಬರುತ್ತದೆ. ಸಿಟ್ಟು ಸಹಜ. ಆದರೆ ಲೆಕ್ಕ ಬೇರೆಯೇ ಇದೆ. ಹನ್ನೆರಡು ಮೀಟರ್ ಉದ್ದದ ಒಂದು ಬಸ್ಸಿನಲ್ಲಿ ಅರವತ್ತು ಮಂದಿ ಹೋಗುತ್ತಾರೆಂದುಕೊಳ್ಳಿ. ಅವರೇ ಕಾರಿಗೆ ಇಬ್ಬರಂತೆ ಹೊರಟರೆ ಮೂವತ್ತು ಕಾರುಗಳಾಗುತ್ತವೆ. ಅವು ಒಂದಕ್ಕೊಂದು ಅಂಟಿಕೊಂಡು ನಿಂತರೂ ನೂರಿಪ್ಪತ್ತು ಮೀಟರ್ ರಸ್ತೆಯನ್ನು ನುಂಗುತ್ತವೆ. ಬಸ್ಸು ಹೋದ ಮೇಲೆ ಪಥ ಖಾಲಿಯಾಗುವುದು ಅದು ಕೆಲಸ ಮಾಡಿದ್ದರ ಗುರುತು. ದೆಹಲಿಯಲ್ಲಿ 2008ರಲ್ಲಿ ಆರಂಭವಾದ ಬಸ್ ಪಥ ಇಂತಹದೇ ವಿವಾದಕ್ಕೆ ಸಿಲುಕಿತು. 2012ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಉಳಿಸಿತು. ಆದರೂ 2016ರಲ್ಲಿ ಅದನ್ನು ಕಿತ್ತುಹಾಕಲಾಯಿತು. ಪಥ ಹೋಯಿತು, ದೆಹಲಿಯ ವಾಹನ ದಟ್ಟಣೆ ಹೋಗಲಿಲ್ಲ. ಅಹಮದಾಬಾದಿನಲ್ಲಿ 2009ರಲ್ಲಿ ಆರಂಭವಾದ ಜನಮಾರ್ಗ ಮಾತ್ರ ಬೆಳೆಯುತ್ತ ಹೋಯಿತು. ಒಂದೇ ಗೆರೆಗೆ ತೃಪ್ತಿಪಡದೆ ನಗರದುದ್ದಕ್ಕೂ ಜಾಲವಾಗಿ ಹರಡಿದ್ದು ಅದರ ಬಲ.

ಈಗ ಹೊಸ ಪ್ರಸ್ತಾವವೊಂದು ಮುಂದೆ ಬಂದಿದೆ. ಬಿಆರ್‌ಟಿಎಸ್ ಬದಲಿಗೆ ಇ-ಆರ್‌ಟಿ ಎಂಬ ವಿದ್ಯುತ್ ಕ್ಷಿಪ್ರ ಸಾರಿಗೆಯನ್ನು ತರಬೇಕು, ರಬ್ಬರ್ ಗಾಲಿಗಳ ಮೇಲೆ ಓಡುವ, ಒಂದಕ್ಕೊಂದು ಜೋಡಿಸಿದ ದೊಡ್ಡ ವಿದ್ಯುತ್ ವಾಹನಗಳನ್ನು ಓಡಿಸಬೇಕು ಎಂಬ ಚರ್ಚೆ 2024ರಿಂದೀಚೆಗೆ ಕೇಳಿಬರುತ್ತಿದೆ. ಹೊಗೆಯಿಲ್ಲದ, ಹೆಚ್ಚು ಜನರನ್ನು ಒಯ್ಯುವ ವಾಹನ ಬರುವುದನ್ನು ಯಾರೂ ವಿರೋಧಿಸಬೇಕಾಗಿಲ್ಲ. ನೂರು ಬಸ್ಸುಗಳು ರಸ್ತೆಗಿಳಿದು ವರ್ಷಗಳಾದವು, ಅವು ಹಳತಾಗುತ್ತಿವೆ, ಬದಲಾವಣೆ ಬೇಕೇ ಬೇಕು. ಆದರೆ ವಾಹನ ಬದಲಾದ ಮಾತ್ರಕ್ಕೆ ವ್ಯವಸ್ಥೆ ಬದಲಾಗುವುದಿಲ್ಲ. ಹೊಸ ವಾಹನವೂ ಅದೇ ಗೆರೆಯ ಮೇಲೆ ಓಡುವುದಾದರೆ ಸಪ್ತಾಪುರದ ವಿದ್ಯಾರ್ಥಿನಿಗೆ ಜ್ಯುಬಿಲಿ ವೃತ್ತದಿಂದ ಮುಂದೆ ಹೋಗಲು ಬಸ್ಸು ಯಾರು ಕೊಡುತ್ತಾರೆ? ಶಕ್ತಿ ಯೋಜನೆ ಅದಕ್ಕೆ ಅನ್ವಯಿಸುತ್ತದೆಯೇ? ಟೋಲ್ ನಾಕಾದ ನೀರು ವಿದ್ಯುತ್ ವಾಹನಕ್ಕೆ ದಾರಿ ಬಿಡುತ್ತದೆಯೇ? ವಿದ್ಯುತ್ ಒದಗಿಸಬೇಕಾದ ಹೆಸ್ಕಾಂ ಒಂಬತ್ತನೆಯ ಒಡೆಯನಾಗಿ ಸೇರಿಕೊಂಡರೆ ಅವರೆಲ್ಲರನ್ನೂ ಒಂದೆಡೆ ಕೂಡಿಸುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಕೊಳ್ಳುವ ವಾಹನ ಎಷ್ಟೇ ಸುಂದರವಾಗಿದ್ದರೂ ಮತ್ತೊಂದು ಉದ್ಘಾಟನಾ ಫಲಕಕ್ಕೆ ಕಾರಣವಾದೀತೇ ಹೊರತು ಮತ್ತೊಂದು ಮನೆಯ ಕಷ್ಟ ತೀರದು.

ಒಪ್ಪಂದಗಳನ್ನು ಮಾಡಿಕೊಳ್ಳುವಾಗ ಅವಳಿ ನಗರಗಳಿಗೆ ಇನ್ನೊಂದು ಕಹಿ ಪಾಠವೂ ನೆನಪಿರಬೇಕು. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ರಸ್ತೆಯನ್ನು ಖಾಸಗಿ ಸಹಭಾಗಿತ್ವದಲ್ಲಿ ನಿರ್ಮಿಸಿ, ದೀರ್ಘಾವಧಿಗೆ ಸುಂಕ ವಸೂಲಿಯ ಹಕ್ಕು ನೀಡಲಾಗಿತ್ತು. ವಾಹನಗಳು ಬಹಳ ಹೆಚ್ಚಿದರೂ ಬೆಂಗಳೂರು-ಪುಣೆ ಹೆದ್ದಾರಿಯ ಆ ಭಾಗ ಎರಡೇ ಪಥದ ರಸ್ತೆಯಾಗಿ ಉಳಿಯಿತು. 2021ರ ಜನವರಿ 15ರಂದು ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಇಟಿಗಟ್ಟಿ ಬಳಿ ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಸಾವಿಗೀಡಾದರು. ಆ ದುರಂತದ ನಂತರವೇ ರಸ್ತೆ ಅಗಲೀಕರಣದ ಬೇಡಿಕೆಗೆ ಬಿಸಿ ಮುಟ್ಟಿತು. ಹಿಂದಿನ ತಲೆಮಾರಿನ ವಾಹನ ಸಂಖ್ಯೆಗೆ ಹೊಂದಿಸಿ ಬರೆದ ಕಾಗದ ಇಂದಿನ ತಲೆಮಾರಿನ ಕೈ ಕಟ್ಟಿಹಾಕಬಾರದು. ಇಂದು ಯಾವ ಕಂಪನಿಯೊಡನೆ ಯಾವ ಒಪ್ಪಂದ ಮಾಡಿಕೊಂಡರೂ ಕಾಲಕಾಲಕ್ಕೆ ಅದನ್ನು ಪರಿಶೀಲಿಸಿ ತಿದ್ದುವ ಬಾಗಿಲನ್ನು ತೆರೆದಿಡಬೇಕು.

ಮುಂದಿನ ದಿನಗಳ ಸವಾಲುಗಳು ಇನ್ನೂ ದೊಡ್ಡವು. ಮೊದಲನೆಯದು ಮಳೆ. 2019ರ ಆಗಸ್ಟ್ ತಿಂಗಳಲ್ಲಿ ಉತ್ತರ ಕರ್ನಾಟಕ ಕಂಡ ಪ್ರವಾಹವನ್ನು ಯಾರೂ ಮರೆತಿಲ್ಲ. ಕೆಲವೇ ಗಂಟೆಗಳಲ್ಲಿ ತಿಂಗಳ ಮಳೆ ಸುರಿಯುವ ಕಾಲ ಬಂದಿರುವಾಗ ಚರಂಡಿಯ ಲೆಕ್ಕವಿಲ್ಲದ ಸಾರಿಗೆ ಯೋಜನೆ ಯೋಜನೆಯೇ ಅಲ್ಲ. ಎರಡನೆಯದು ಜನಸಂಖ್ಯೆಯ ಲೆಕ್ಕ. 2011ರ ಜನಗಣತಿಯ ಪ್ರಕಾರ ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಜನಸಂಖ್ಯೆ 9,43,788. 2021ರ ಜನಗಣತಿ ನಡೆಯಲಿಲ್ಲ. ಆ ನಂತರ ಎಷ್ಟು ಬಡಾವಣೆಗಳು ಎದ್ದಿವೆ, ಎಷ್ಟು ವಿದ್ಯಾರ್ಥಿಗಳು ಸಪ್ತಾಪುರದಂತಹ ಕಡೆ ಬಂದು ನೆಲೆಸಿದ್ದಾರೆ ಎಂಬುದು ಆ ಸಂಖ್ಯೆಯೊಳಗೆ ಇಲ್ಲ. ಕೋಣೆ ಹಿಡಿದು ಓದುವ ಮಕ್ಕಳು ಮತದಾರರ ಪಟ್ಟಿಯಲ್ಲಿ ತಮ್ಮ ಊರಿನಲ್ಲಿರುತ್ತಾರೆ, ಬಸ್ಸಿಗಾಗಿ ಮಾತ್ರ ಇಲ್ಲಿ ನಿಲ್ಲುತ್ತಾರೆ. ಹಳೆಯ ಲೆಕ್ಕದಿಂದ ಹೊಸ ಯೋಜನೆ ಹೊಲಿದರೆ ಬೆಳೆದ ಮಗುವಿಗೆ ತೊಟ್ಟಿಲ ಕಾಲದ ಅಂಗಿ ತೊಡಿಸಿದಂತೆ.

ಮೂರನೆಯದು ವಿಭಜನೆ. ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಒಂದೇ ಪಾಲಿಕೆಯಾಗಿ ಕೂಡಿಸಿದ್ದು 1962ರಲ್ಲಿ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಬೇಕೆಂಬ ಬಹುಕಾಲದ ಬೇಡಿಕೆಗೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಧಾರವಾಡದ ಜನರ ಅಭಿಮಾನವನ್ನು ನಾವು ಗೌರವಿಸುತ್ತೇವೆ. ತಮ್ಮ ತೆರಿಗೆ ತಮ್ಮ ಊರಿನಲ್ಲಿ ಖರ್ಚಾಗಲಿ ಎಂಬುದು ನ್ಯಾಯವಾದ ಆಸೆ. ಆದರೆ ಪಾಲಿಕೆಗಳು ಎರಡಾದರೂ ಪ್ರಯಾಣಿಕ ಒಬ್ಬನೇ. ಬೆಳಿಗ್ಗೆ ಹುಬ್ಬಳ್ಳಿಯವನಾಗಿದ್ದವನು ಮಧ್ಯಾಹ್ನ ಧಾರವಾಡದವನಾಗಿ ಸಂಜೆ ಮತ್ತೆ ಹುಬ್ಬಳ್ಳಿಯವನಾಗುತ್ತಾನೆ. ಇಲ್ಲಿ ಮತ್ತೊಂದು ಸೂಕ್ಷ್ಮವೂ ಇದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಹತ್ತು ಲಕ್ಷ ಮೀರಿದ ನಗರಗಳಲ್ಲಿ ಎಲ್ಲ ಸಾರಿಗೆಯನ್ನೂ ಸಮನ್ವಯಗೊಳಿಸುವ ಏಕೀಕೃತ ಪ್ರಾಧಿಕಾರ ಇರಬೇಕೆಂದು ಹೇಳಿತು. ಅವಳಿ ನಗರ ಆ ಗಡಿಯ ಹೊಸ್ತಿಲಲ್ಲಿತ್ತು. ಈಗ ಎರಡಾಗಿ ಎಣಿಸಿದರೆ ಎರಡೂ ಗಡಿಯಿಂದ ದೂರ ಸರಿಯಬಹುದು. ಕಾಗದದ ಮೇಲೆ ಸಣ್ಣವಾಗಿ ರಸ್ತೆಯ ಮೇಲೆ ದೊಡ್ಡವಾಗಿ ಉಳಿದರೆ ನಷ್ಟ ಯಾರಿಗೆ?

ಇಂತಹ ಕಗ್ಗಂಟು ಪ್ರಪಂಚದಲ್ಲಿ ನಮಗೊಬ್ಬರಿಗೇ ಬಂದದ್ದಲ್ಲ. ನಮ್ಮಲ್ಲಿ ಅವಳಿ ಪಾಲಿಕೆ ಹುಟ್ಟಿದ 1962ರಲ್ಲಿಯೇ ಅಮೆರಿಕವು ಹೆದ್ದಾರಿ ಕಾನೂನಿನ ಮೂಲಕ ಐವತ್ತು ಸಾವಿರ ಮೀರಿದ ನಗರ ಪ್ರದೇಶಗಳಲ್ಲಿ ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ ನಿರಂತರವಾಗಿ ಸಾರಿಗೆ ಯೋಜನೆ ರೂಪಿಸಬೇಕೆಂದು ವಿಧಿಸಿತು. ಅಲ್ಲಿನ ಪ್ರಾದೇಶಿಕ ಯೋಜನಾ ಸಂಸ್ಥೆಗಳು ಈಗ ಕನಿಷ್ಠ ಇಪ್ಪತ್ತು ವರ್ಷ ಮುಂದೆ ನೋಡುವ ಯೋಜನೆ ಮಾಡಬೇಕು, ನಾಲ್ಕೈದು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಲೇಬೇಕು. ಜರ್ಮನಿಯ ಹ್ಯಾಂಬರ್ಗ್ ನಗರ 1965ರಲ್ಲಿ ಬೇರೆಬೇರೆ ಸಾರಿಗೆ ಸಂಸ್ಥೆಗಳನ್ನು ಒಂದು ಒಕ್ಕೂಟವಾಗಿಸಿ ಬಸ್ಸು, ರೈಲು, ದೋಣಿಗಳಿಗೆ ಒಂದೇ ದರಪಟ್ಟಿ ತಂದಿತು. ಸಂಸ್ಥೆಗಳು ತಮ್ಮತಮ್ಮ ಅಸ್ತಿತ್ವ ಉಳಿಸಿಕೊಂಡವು, ಪ್ರಯಾಣಿಕನಿಗೆ ಮಾತ್ರ ಟಿಕೆಟ್ ಒಂದಾಯಿತು. ನಮ್ಮ ದೇಶದಲ್ಲಿಯೂ ಕೇರಳವು 2019ರಲ್ಲಿ ಮಹಾನಗರ ಸಾರಿಗೆ ಪ್ರಾಧಿಕಾರದ ಕಾಯ್ದೆ ಮಾಡಿ ಕೊಚ್ಚಿಯಿಂದ ಆರಂಭಿಸಿತು. 2025ರ ಸೆಪ್ಟೆಂಬರಿನಲ್ಲಿ ಚೆನ್ನೈ ಬಸ್ಸು, ಮೆಟ್ರೋ, ಉಪನಗರ ರೈಲುಗಳಿಗೆ ಒಂದೇ ಮೊಬೈಲ್ ಟಿಕೆಟ್ ತಂದಿತು. ಕರ್ನಾಟಕವೂ 2022ರಲ್ಲಿ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಮಾಡಿದೆ. ಆದರೆ ಅದು ಬೆಂಗಳೂರು ಮಹಾನಗರ ಪ್ರದೇಶಕ್ಕೆ ಮಾತ್ರ. ಬೆಂಗಳೂರಿಗೆ ಕಾಯ್ದೆ, ಉತ್ತರ ಕರ್ನಾಟಕಕ್ಕೆ ಭಾಷಣ ಎಂಬ ಹಳೆಯ ಪದ್ಧತಿ ಇಲ್ಲಿಯೂ ಮುಂದುವರಿಯಬೇಕೇ?

ಈ ರಸ್ತೆಗಾಗಿ ಜನರು ತೆತ್ತ ಬೆಲೆ ಸಣ್ಣದಲ್ಲ. ಸಾಲುಮರಗಳು ಹೋದವು. ಅಂಗಡಿ ಮನೆಗಳು ಹೋದವು. 2022ರ ಡಿಸೆಂಬರಿನಲ್ಲಿ ಭೈರಿದೇವರಕೊಪ್ಪದ ದರ್ಗಾದ ಕಟ್ಟಡವನ್ನು ಪೊಲೀಸ್ ಬಂದೋಬಸ್ತಿನಲ್ಲಿ ತೆರವುಗೊಳಿಸಿದಾಗ ಎಷ್ಟು ಕಣ್ಣುಗಳು ತೇವಗೊಂಡವೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಇದೇ ಮಾರ್ಗಕ್ಕಾಗಿ ದೇವಸ್ಥಾನಗಳೂ ಜಾಗ ಬಿಟ್ಟಿವೆ. ಆ ಗಾಯವನ್ನು ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ಆದರೆ ಇಷ್ಟೊಂದು ಮಂದಿ ತಮ್ಮದನ್ನು ಬಿಟ್ಟುಕೊಟ್ಟ ಮೇಲೆ ಆ ನೆಲ ಅಮಾನತ್ತಾಗುತ್ತದೆ. ಅದನ್ನು ಕಾಯ್ದುಕೊಳ್ಳುವುದೆಂದರೆ ಅದರ ಮೇಲೆ ಹೆಚ್ಚು ಜನರು, ಅದರಲ್ಲಿಯೂ ಸ್ವಂತ ವಾಹನವಿಲ್ಲದವರು, ಸುರಕ್ಷಿತವಾಗಿ ಸಾಗುವಂತೆ ಮಾಡುವುದು. ತೆತ್ತ ಬೆಲೆಗೆ ತಕ್ಕ ಪ್ರಯೋಜನವನ್ನು ಕೇಳುವುದು ಎಲ್ಲ ಧರ್ಮದವರ ಹಕ್ಕು.

ನಮ್ಮ ಸಮುದಾಯಕ್ಕೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. 2006ರ ಸಾಚಾರ್ ಸಮಿತಿಯ ವರದಿಯನ್ನು ನಾವು ಸಭೆಗಳಲ್ಲಿ ನೂರು ಸಲ ಉದ್ಧರಿಸಿದ್ದೇವೆ. ಶಿಕ್ಷಣ, ಉದ್ಯೋಗ, ಸಾಲ ಸೌಲಭ್ಯಗಳ ಅಂಕಿಅಂಶ ನಮಗೆ ಬಾಯಿಪಾಠವಾಗಿದೆ. ಮುಸ್ಲಿಮರ ಪ್ರಮಾಣ ಹೆಚ್ಚಿರುವ ಹಳ್ಳಿಗಳಲ್ಲಿ ಪಕ್ಕಾ ರಸ್ತೆ ಮತ್ತು ಬಸ್ ನಿಲ್ದಾಣಗಳ ಕೊರತೆಯನ್ನೂ ಅದೇ ವರದಿ ಎತ್ತಿ ಹೇಳಿತ್ತೆಂಬುದು ಎಷ್ಟು ಮಂದಿಗೆ ನೆನಪಿದೆ? ಶಾಲೆ ಇದ್ದು ಬಸ್ಸಿಲ್ಲದಿದ್ದರೆ ಶಾಲೆ ಇದ್ದೂ ಇಲ್ಲದಂತೆಯೇ. ನಗರಗಳ ಹಳೆಯ ಮೊಹಲ್ಲಾಗಳ ಸ್ಥಿತಿಯೂ ಬಹಳ ಭಿನ್ನವಲ್ಲ. ಗಲ್ಲಿಗಳು ಇಕ್ಕಟ್ಟಾದವು, ಬಸ್ಸು ಒಳಗೆ ಬರುವುದಿಲ್ಲ, ನಿಲ್ದಾಣ ದೂರ, ದಾರಿಯಲ್ಲಿ ದೀಪವಿಲ್ಲ.

ಆದರೆ ಎಲ್ಲ ತಪ್ಪನ್ನೂ ಸರ್ಕಾರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಪ್ರಾಮಾಣಿಕತೆಯಲ್ಲ. ಪಾದಚಾರಿ ಮಾರ್ಗದ ಮೇಲೆ ನಮ್ಮ ಅಂಗಡಿಯ ಸಾಮಾನು ಹರಡಿರುತ್ತದೆ. ಮದುವೆ ಸಮಾರಂಭಗಳಲ್ಲಿ ಸಭಾಭವನದ ಮುಂದೆ ಎರಡು ಸಾಲು ಕಾರು ನಿಲ್ಲಿಸಿ ಬಸ್ಸಿಗೆ ದಾರಿ ಇಲ್ಲದಂತೆ ಮಾಡುವವರಲ್ಲಿ ನಾವೂ ಇದ್ದೇವೆ. ಮಗ ಹತ್ತನೆಯ ತರಗತಿ ಪಾಸಾಗುವ ಮೊದಲೇ ಬೈಕು ಕೊಡಿಸುವ ತಂದೆ, ಮಗಳಿಗೆ ಬಸ್ ಪಾಸ್ ಕೊಡಿಸಲು ಹಿಂದೆಮುಂದೆ ನೋಡುತ್ತಾನೆ. ನಗರದ ಮಹಾಯೋಜನೆಯ ಕರಡು ಪ್ರಕಟವಾಗಿ ಆಕ್ಷೇಪಣೆ ಸಲ್ಲಿಸಿರೆಂದು ಪ್ರಕಟಣೆ ಬಂದಾಗ ನಮ್ಮ ಸಂಘಸಂಸ್ಥೆಗಳಿಂದ ಎಷ್ಟು ಅರ್ಜಿಗಳು ಹೋಗುತ್ತವೆ? ಬುಲ್ಡೋಜರ್ ಬಂದ ದಿನ ಸೇರುವ ಜನ, ನಕ್ಷೆ ಬರೆಯುವ ದಿನ ಎಲ್ಲಿರುತ್ತಾರೆ? ನಕ್ಷೆಯ ಮೇಲೆ ಗೆರೆ ಎಳೆದಾದ ಮೇಲೆ ಬೀದಿಗಿಳಿದರೆ ಫಲ ಅಲ್ಪ.

ಹಾಗಾದರೆ ಏನಾಗಬೇಕು? ಹುಬ್ಬಳ್ಳಿ-ಧಾರವಾಡ ಪ್ರದೇಶಕ್ಕೆ ಕಾನೂನಿನ ಬಲವಿರುವ ಏಕೀಕೃತ ಸಾರಿಗೆ ಪ್ರಾಧಿಕಾರವೊಂದು ರಚನೆಯಾಗಬೇಕು. ಬೆಂಗಳೂರಿನ ಕಾಯ್ದೆಯನ್ನು ಮಾದರಿಯಾಗಿಟ್ಟುಕೊಂಡು ಪಾಲಿಕೆಗಳು ಎರಡಾಗುವ ಈ ಸಂಧಿಕಾಲದಲ್ಲಿಯೇ ಅದನ್ನು ಮಾಡುವುದು ಸುಲಭ. ನಂತರ ಎರಡು ಪಾಲಿಕೆಗಳೂ ಗಡಿ ಗಟ್ಟಿಮಾಡಿಕೊಂಡರೆ ಕಷ್ಟ. ಹೊಸ ವಾಹನಕ್ಕೆ ಹಣ ತೆಗೆದಿಡುವ ಮೊದಲು ಮನೆಬಾಗಿಲಿನಿಂದ ಗುರಿಯವರೆಗಿನ ಪ್ರಯಾಣಗಳ ಸಮೀಕ್ಷೆ ನಡೆಯಬೇಕು. ಅದರಲ್ಲಿ ಮಹಿಳೆಯರು, ವಿದ್ಯಾರ್ಥಿಗಳು, ವೃದ್ಧರು, ದಿನಗೂಲಿಗಳ ಓಡಾಟವನ್ನು ಪ್ರತ್ಯೇಕವಾಗಿ ಎಣಿಸಬೇಕು. ಮುಖ್ಯ ಮಾರ್ಗದಲ್ಲಿ ಏನೇ ಓಡಲಿ, ಅದರ ನಿಲ್ದಾಣಗಳಿಂದ ಸಪ್ತಾಪು‌ರ, ಹಳೇ ಹುಬ್ಬಳ್ಳಿಯಂತಹ ಬಡಾವಣೆಗಳಿಗೆ ನಿಗದಿತ ವೇಳೆಯ ಸಣ್ಣ ಬಸ್ಸುಗಳು ಓಡಬೇಕು ಮತ್ತು ಒಂದೇ ಟಿಕೆಟ್ ಎಲ್ಲೆಡೆ ಸಲ್ಲಬೇಕು. ಮಹಿಳೆಯರ ಉಚಿತ ಪ್ರಯಾಣಕ್ಕೂ ತ್ವರಿತ ಸಾರಿಗೆಗೂ ಇರುವ ವಿರೋಧ ನೀಗಬೇಕು. ಪೂರ್ಣ ಉಚಿತ ಸಾಧ್ಯವಾಗದಿದ್ದರೆ ವಿದ್ಯಾರ್ಥಿನಿಯರಿಗಾದರೂ ಅದು ಸಲ್ಲಲಿ. ನಾಲ್ಕೈದು ವರ್ಷಕ್ಕೊಮ್ಮೆ ಯೋಜನೆಯನ್ನು ತಿದ್ದುವ ಕಡ್ಡಾಯ ನಿಯಮವಿರಲಿ, ಆ ತಿದ್ದುಪಡಿ ಕನ್ನಡದಲ್ಲಿ ಪ್ರಕಟವಾಗಲಿ, ಜನರ ಮುಂದೆ ಚರ್ಚೆಯಾಗಲಿ.

ಇವುಗಳಲ್ಲಿ ಯಾವುದಕ್ಕೂ ಸಾವಿರ ಕೋಟಿ ರೂಪಾಯಿ ಬೇಕಾಗಿಲ್ಲ. ಬೇಕಾದುದು ಅಧಿಕಾರವನ್ನು ಹಂಚಿಕೊಳ್ಳುವ ಮನಸ್ಸು. ಇಲಾಖೆಗಳಿಗೆ ಹಣ ಬಿಡುವುದಕ್ಕಿಂತ ಅಧಿಕಾರ ಬಿಡುವುದು ಕಷ್ಟವೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಜನರ ಒತ್ತಡ ಬೇಕು. ನಮ್ಮ ಜಮಾಅತ್‌ಗಳು, ಮಹಿಳಾ ಸಂಘಗಳು, ವಿದ್ಯಾರ್ಥಿ ಸಂಘಟನೆಗಳು ನೆರೆಹೊರೆಯ ಎಲ್ಲ ಧರ್ಮದ ಜನರೊಡಗೂಡಿ ತಮ್ಮ ಬಡಾವಣೆಯ ಪ್ರಯಾಣದ ಲೆಕ್ಕವನ್ನು ತಾವೇ ಬರೆದು ಅಧಿಕಾರಿಗಳ ಮುಂದಿಡಲಿ. ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸು ಬಂತು, ಸಂಜೆ ಕೊನೆಯ ಬಸ್ಸು ಎಷ್ಟಕ್ಕೆ ಹೋಯಿತು, ನಿಲ್ದಾಣದಿಂದ ಮನೆಗೆ ಎಷ್ಟು ದೂರ, ದಾರಿಯಲ್ಲಿ ಎಷ್ಟು ದೀಪ ಉರಿಯುತ್ತಿಲ್ಲ ಎಂದು ಒಂದು ತಿಂಗಳು ಬರೆದಿಟ್ಟರೆ ಸಾಕು. ಯಾವ ಸಲಹೆಗಾರ ಕಂಪನಿಯೂ ಅದಕ್ಕಿಂತ ಸತ್ಯವಾದ ವರದಿ ಕೊಡಲಾರದು.

ಸಪ್ತಾಪುರದ ವಾಚನಾಲಯಗಳಲ್ಲಿ ಸಂಜೆ ದೀಪ ಹತ್ತುತ್ತದೆ. ಕೋಣೆ ಹತ್ತಿರವಿದ್ದವರು ಇನ್ನೊಂದು ಅಧ್ಯಾಯ ತೆರೆಯುತ್ತಾರೆ. ಹಳೇ ಹುಬ್ಬಳ್ಳಿಯ ಹುಡುಗಿ ಗಡಿಯಾರ ನೋಡಿ ಪುಸ್ತಕ ಮಡಚುತ್ತಾಳೆ. ಇಬ್ಬರೂ ಬರೆಯುವುದು ಒಂದೇ ಪರೀಕ್ಷೆ, ಉತ್ತರಿಸುವುದು ಒಂದೇ ಪ್ರಶ್ನೆಪತ್ರಿಕೆ. ಆಕೆ ಪ್ರತಿದಿನ ಕಳೆದುಕೊಳ್ಳುವ ಆ ಒಂದು ಅಧ್ಯಾಯದ ಲೆಕ್ಕ ಯಾವ ಇಲಾಖೆಯ ಕಡತದಲ್ಲಿದೆ? ಆ ಲೆಕ್ಕವನ್ನು ತನ್ನದೆಂದು ಒಪ್ಪಿಕೊಳ್ಳುವ ಒಂದು ಕಚೇರಿ ಹುಟ್ಟಿದ ದಿನ ಅವಳಿ ನಗರಗಳ ಸಾರಿಗೆ ಸಮಸ್ಯೆಗೆ ಅರ್ಧ ಪರಿಹಾರ ದೊರೆತಂತೆ.